ಎಮ್ಮಿಗನೂರಿನ ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗ

ನನ್ನ ಮಾಸ್ತರಿಗೆ, ನಿಮ್ಮ ಕೊಡೆಯನ್ನು ಇನ್ನೂ ಯಾವ ಬಸ್ಸಿನಲ್ಲೂ ಮರೆಯದೆ ಕಾಪಾಡಿಕೊಂಡಿರುವ ಶಿಷ್ಯನ ನಮಸ್ಕಾರ.

ಈಗಷ್ಟೇ ಕಂಪ್ಲಿ ಬಸ್ಸಿನಿಂದ ಇಳಿದು ಹೊಸಪೇಟೆಯ ಮನೆಗೆ ಬಂದೆ. ಕಾಲು ತೊಳೆದಿಲ್ಲ, ಊಟ ಮಾಡಿಲ್ಲ. ಹೆಂಡತಿ ಎರಡು ಸಲ ಕರೆದು ಸುಮ್ಮನಾದಳು. ಸುದ್ದಿ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿದೆ. ಆದರೆ ಒಮ್ಮೆಲೇ ಹೇಳಿದರೆ ನೀವು ಬಯ್ಯುತ್ತೀರಿ. ಗಿರಾಕಿಯ ಮನೆಗೆ ಹೋದ ಕೂಡಲೇ ವಿಷಯಕ್ಕೆ ಬೀಳಬೇಡ, ಮೊದಲು ನೀರು ಕೇಳು, ಮಳೆ ಬೆಳೆ ಕೇಳು ಎಂದು ಕಲಿಸಿದವರು ನೀವೇ ಅಲ್ಲವೇ?

ನೀವು ಶಾಲೆ ಬಿಟ್ಟು ಜೀವವಿಮೆ ಏಜೆಂಟರಾದಾಗ ಊರು ಹೇಗೆ ನಕ್ಕಿತ್ತು, ನೆನಪಿದೆಯೇ? ಬೆಳಿಗ್ಗೆ ನೀವು ಎದುರಾದರೆ ಅಪಶಕುನವೆಂದು ಬೆಲ್ಲದ ವ್ಯಾಪಾರಿ ಹೊರಟ ಗಾಡಿಯನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಹೋಗುತ್ತಿದ್ದ. ಸಂಡೂರಿನ ಗಣಿ ಗುಮಾಸ್ತರೊಬ್ಬರು, ವಿಮೆಯ ಪರೀಕ್ಷೆಗೆ ಬಂದ ಡಾಕ್ಟರು ಎದೆಗೆ ಟೇಪು ಹಿಡಿದದ್ದೇ ತಡ, ಬದುಕಿರುವವನಿಗೆ ಚಟ್ಟದ ಅಳತೆ ತೆಗೆಯುತ್ತೀರಾ ಎಂದು ಅಂಗಿ ಹಾಕಿಕೊಂಡು ಎದ್ದೇಬಿಟ್ಟರು. ನಿಮ್ಮ ಚೀಲ ಹೊತ್ತು ಜೊತೆಗೆ ಬಂದಿದ್ದ ನನಗೆ ನಗು ತಡೆಯಲಾಗಲಿಲ್ಲ. ನೀವು ಮಾತ್ರ ಗಂಭೀರವಾಗಿ ನಿಮ್ಮ ಎದೆಯನ್ನೇ ಮೊದಲು ಅಳೆಸಿಕೊಂಡು ಅವರನ್ನು ಕೂರಿಸಿದಿರಿ. ಸಾವು ಎಂಬ ಮಾತನ್ನೇ ಆಡದೆ ಈ ವ್ಯಾಪಾರ ಮಾಡುತ್ತಿದ್ದಿರಲ್ಲ, ಆ ಜಾಣತನ ನನಗೆ ಇವತ್ತಿಗೂ...

ಹಂಪಿಯ ಬಾಳೆ ತೋಟದಲ್ಲಿ ಬುತ್ತಿ ಬಿಚ್ಚಿದ ದಿನ ನೀವೊಂದು ಪಾಠ ಹೇಳಿದಿರಿ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಆದರೆ ಸೊಸೆಯಾದವಳು ಮಾವನ ಹೆಸರು ಹೇಳುವ ಹಾಗಿಲ್ಲ. ಹಾಗಾಗಿ ಹೆತ್ತ ಮಗನನ್ನೂ ಬೇರೆ ಹೆಸರಿನಿಂದ ಕರೆಯುತ್ತಾಳೆ, ಊರೆಲ್ಲ ಅದೇ ಹೆಸರನ್ನು ಹಿಡಿಯುತ್ತದೆ. "ಅರ್ಜಿ ಬರಿಯೂಕಿಂತ ಮೊದ್ಲು, ನಿಮ್ಮವ್ವ ಏನಂತ ಕರೀತಾಳ ಅಂತ ಕೇಳಲೇ. ಅದನ್ನ ಉರುಫ್ ಅನ್ನೂ ಜಾಗದಾಗ ಬರಿ," ಅಂದಿರಿ. ನಾನು ಬಾಳೆಹಣ್ಣು ತಿನ್ನುತ್ತ ತಲೆ ಆಡಿಸಿದೆ. ಕೇಳಿಸಿಕೊಂಡೆನೇ?

ಎಮ್ಮಿಗನೂರಿನ ಆ ಮಧ್ಯಾಹ್ನ ನೀವು ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಿರಿ, ಅರ್ಜಿ ಬರೆಯುತ್ತಿದ್ದವನು ನಾನು. ಭತ್ತದ ಗದ್ದೆಯ ರೈತ ಹೊಲದ ಕಾಗದದಲ್ಲಿದ್ದ ಹಾಗೆ ವೀರಭದ್ರಪ್ಪ ಎಂದ, ಬರೆದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಉರುಫ್ ಜಾಗ ಖಾಲಿಯೇ ಉಳಿಯಿತು. ನನ್ನ ಮೇಲಿನ ನಂಬಿಕೆಯಿಂದ ನೀವು ಓದದೆಯೇ ಏಜೆಂಟರ ಸಹಿ ಹಾಕಿದಿರಿ. ಮರುವರ್ಷ ಜ್ವರ ಬಂದು ಆತ ತೀರಿಕೊಂಡ. ಊರಿನ ಸಾವಿನ ಪುಸ್ತಕದಲ್ಲಿ ಬರೆದದ್ದು ಸಣ್ಣಪ್ಪ ಎಂದು. ಮಾವನ ಹೆಸರು ಬಾಯಲ್ಲಿ ತರದ ತಾಯಿ ನೀಲಮ್ಮ ಕರೆಯುತ್ತಿದ್ದ ಹೆಸರು ಅದು.

ಮದರಾಸಿನಿಂದ ಬಂದ ಕಂಪನಿಯ ಮನುಷ್ಯ ಕಟ್ಟೆಯ ಮೇಲಿದ್ದ ಮುದುಕನೊಬ್ಬನನ್ನು ವೀರಭದ್ರಪ್ಪ ಯಾವಾಗ ಸತ್ತ ಎಂದು ಕೇಳಿದನಂತೆ. ಮುದುಕ ಪಾಪ, ಅವರು ಹೋಗಿ ಇಪ್ಪತ್ತು ವರ್ಷ ಆಯಿತಲ್ಲ ಎಂದ! ಅಷ್ಟು ಸಾಕಾಯಿತು. ಸತ್ತ ಅಜ್ಜನ ಹೆಸರಿನಲ್ಲಿ ವಿಮೆ ಮಾಡಿಸಿದ ಮೋಸಗಾರ ಏಜೆಂಟ ಎಂಬ ಹೆಸರು ನಿಮಗೆ ಬಂತು. ನೀಲಮ್ಮನವರ ಪಕ್ಕದ ಮನೆಯ ಅಕ್ಕಿ ಗಿರಣಿ ಚನ್ನಬಸಪ್ಪ ಬೀದಿಯಲ್ಲೇ ಕೂಗಾಡಿದರು, ಇನ್ನು ಈ ಓಣಿಯಲ್ಲಿ ಕಾಲಿಡಬೇಡಿ ಎಂದರು. ನೀವು ಟೊಪ್ಪಿಗೆ ತೆಗೆದು, "ತಪ್ಪು ನಂದೈತ್ರಿ," ಅಂದಿರಿ. ನಿಮ್ಮ ಬೆನ್ನ ಹಿಂದೆ ಚೀಲ ಹಿಡಿದು ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು, ಮಾಸ್ತರೇ. ಆಮೇಲೆ ನೀವು ಹಾಸಿಗೆ ಹಿಡಿದಾಗಲೂ ಎಮ್ಮಿಗನೂರಿನದು ಏನಾಯಿತು ಎಂದೇ ಕೇಳುತ್ತಿದ್ದಿರಿ. ಅಷ್ಟಾದರೂ ಬರೆದವನು ನೀನಲ್ಲವೇ ಎಂದು ಒಂದು ದಿನವೂ...

ನೀವು ಹೋದ ಮೇಲೆ ನಾನೇ ಏಜೆಂಟನಾಗಿ, ಕಂಪನಿಗೆ ಕಾಗದದ ಮೇಲೆ ಕಾಗದ ಬರೆದೆ. ಕೊನೆಗೆ ಕಂಪನಿಯವರು ಒಂದು ದಾರಿ ತೋರಿಸಿದರು. ದುಡ್ಡು ಪಡೆಯುವವಳು ಸತ್ತವನ ಹೆಂಡತಿ, ನೀಲಮ್ಮನವರ ಸೊಸೆ; ಲಾಭ ಆಕೆಯದೇ ಆದ್ದರಿಂದ ಆಕೆಯ ಮಾತು ನಡೆಯದು. ವೀರಭದ್ರಪ್ಪನೇ ಸಣ್ಣಪ್ಪ ಎಂದು ಹೆತ್ತ ತಾಯಿ ತಹಸೀಲ್ದಾರರ ಮುಂದೆ ಪ್ರಮಾಣ ಮಾಡಬೇಕು. ನೀಲಮ್ಮ ಒಪ್ಪಿಯಾರೇ? ಮೂರು ಸಲ ಹೋದೆ, ಮೂರು ಸಲವೂ ಒಲ್ಲೆ ಎಂದರು. ಗದ್ದೆಯನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ಕೋರಿಗೆ ಕೊಟ್ಟು, ಅತ್ತೆ ಸೊಸೆ ಇಬ್ಬರೂ ಕೂಲಿಗೆ ಹೋದರೂ ಸರಿ, ಮಾವನ ಹೆಸರು ಬಾಯಲ್ಲಿ ಬರಬಾರದಂತೆ. ನಾಲ್ಕನೇ ಸಲ ನನಗೆ ತಡೆಯಲಾಗಲಿಲ್ಲ. ತಪ್ಪು ಮಾಸ್ತರದಲ್ಲ, ನನ್ನದು, ಅವರು ನನ್ನನ್ನು ಮುಚ್ಚಿಟ್ಟು ಬೈಸಿಕೊಂಡು ಸತ್ತರು ಎಂದು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಚನ್ನಬಸಪ್ಪನವರೂ ಅಲ್ಲೇ ನಿಂತು ಕೇಳಿಸಿಕೊಂಡರು.

ನೀಲಮ್ಮ ಒಳಗೆ ಹೋಗಿ ನನಗೆ ನೀರು ತಂದುಕೊಟ್ಟರು. ಆಮೇಲೆ, "ನೀನು ಬಾಯಿ ಬಿಟ್ಟಿ. ನಾನೂ ಬಿಡ್ತೀನಿ, ನಡಿ," ಅಂದರು.

ಕಚೇರಿಯಲ್ಲಿ ತಹಸೀಲ್ದಾರರು ಮಗನ ಹೆಸರು ಕೇಳಿದಾಗ ಆ ತಾಯಿ ನನ್ನತ್ತ ತಿರುಗಿ ನೋಡಿದರು. ನಾವೇ ಹೇಳುತ್ತೇವೆ, ತಲೆ ಆಡಿಸಿದರೆ ಸಾಕೇ ಎಂದು ಕೇಳಿದೆ. ಆಗದು, ಆಕೆಯ ಬಾಯಿಂದಲೇ ಬರಬೇಕು ಎಂದರು. ನೀಲಮ್ಮ ಸೆರಗು ಹೊದ್ದು, ಊರಿನ ದಿಕ್ಕಿಗೆ ತಿರುಗಿ ಕೈ ಮುಗಿದರು.

"ತಪ್ಪಾತ್ರಿ ಮಾವಾರ. ಸಣ್ಣಪ್ಪ ಅಂದ್ರ ನನ್ನ ಮಗ... ವೀರಭದ್ರಪ್ಪ."

ಗುಮಾಸ್ತ ಬರೆದುಕೊಂಡ. ಸಾಕು ತಾಯಿ, ಆಯಿತು ಎಂದರು ತಹಸೀಲ್ದಾರರು. ಆದರೆ ನೀಲಮ್ಮ ನಿಲ್ಲಿಸಲಿಲ್ಲ. ವೀರಭದ್ರಪ್ಪ, ವೀರಭದ್ರಪ್ಪ ಎಂದು ಮೆಲ್ಲಗೆ ಹೇಳುತ್ತಲೇ ಮೆಟ್ಟಿಲು ಇಳಿದರು. ಹೆತ್ತ ಮಗನನ್ನು ಅವರು ಜೀವಮಾನದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದದ್ದು ಆವತ್ತು.

ಈಗ ಹೇಳಲೇ? ಹಣ ಬಂತು ಮಾಸ್ತರೇ, ಪೂರ್ತಿ ಬಂತು! ಇವತ್ತು ಮಧ್ಯಾಹ್ನ ನಾನೇ ಎಮ್ಮಿಗನೂರಿಗೆ ಹೋಗಿ ಸೊಸೆಯ ಕೈಗೆ ಕೊಟ್ಟು ಬಂದೆ. ಗದ್ದೆ ಕೋರಿಗೆ ಹೋಗುವುದಿಲ್ಲ, ಅತ್ತೆ ಸೊಸೆ ಆಳು ಇಟ್ಟು ತಾವೇ ಮಾಡಿಸುತ್ತಾರಂತೆ. ಕಂಪನಿಯವರು ಏಜೆಂಟರದು ಮೋಸವಲ್ಲ ಎಂದು ಬರೆದ ಕಾಗದವನ್ನು ಕಟ್ಟೆಯ ಮೇಲೆ ನಿಂತು, ನೀವು ತರಗತಿಯಲ್ಲಿ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದೆ. ಎರಡು ಸಲ ಓದಿದೆ. ನಗಬೇಡಿ.

ಹೊರಡುವಾಗ ಯಾರು ಕರೆದಿರಬೇಕು ಹೇಳಿ? ಅದೇ ಚನ್ನಬಸಪ್ಪನವರು! "ಬರ್ರಿ, ಕುಂದ್ರಿ. ಅಂಥಾ ಅರ್ಜಿ ಇನ್ನೊಂದು ಐತೇನ್ರಿ?" ಅಂದರು. ಮೊದಲು ನೀರು ಕೇಳಿದೆ. ಮಳೆ ಬೆಳೆ ಕೇಳಿದೆ. ಅರ್ಜಿ ಬಿಡಿಸಿ, ಅವರವ್ವ ಅವರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದೆ. ಅಷ್ಟು ದೊಡ್ಡ ಮೀಸೆಯ ಗಿರಣಿ ಸಾವ್ಕಾರ ನಾಚಿಕೊಂಡು, ಓಣಿಯ ಎರಡೂ ಕಡೆ ನೋಡಿ, "ಗುಂಡ," ಎಂದರು.

ಬರೆದೆ, ಮಾಸ್ತರೇ. ಉರುಫ್ ಗುಂಡ. ಆಮೇಲೆ ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಏಜೆಂಟರ ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದೆ.