ಎಂಬತ್ತೇಳನೆಯ ಪುಟ

ರಾಜಧಾನಿ, ಮಂಗಳವಾರ

ಗೆಸೀನೆ ಅಕ್ಕಾ,

ಸೋಮವಾರ ಇದು ಪತ್ರಿಕೆಯಲ್ಲಿ ಬರುತ್ತದೆ, ಅದಕ್ಕೂ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ. ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಈ ಪತ್ರ.

ಮೂರು ಪಕ್ಷಗಳ ಮೈತ್ರಿ ಒಪ್ಪಂದ ಸಿದ್ಧವಾಯಿತು. ನಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಜೂನ್‌ನಲ್ಲಿ ಮುಚ್ಚಬೇಕೆಂದು ಅದರ ಎಂಬತ್ತೇಳನೆಯ ಪುಟದಲ್ಲಿದೆ. ಅದನ್ನು ಉಳಿಸುತ್ತೇನೆಂದೇ ಗೆದ್ದವನು ನಾನು. ಪಾಳಿ ಮುಗಿಸಿ ಚಳಿಯಲ್ಲಿ ಸಂತೆಗೆ ಬಂದು ನನಗಾಗಿ ಓಟು ಕೇಳಿದವಳು ನೀನು.

ಪಕ್ಷದ ಸಭೆಯಲ್ಲಿ ಎದ್ದು ಇದು ಬೇಡವೆಂದೆ. ಹಿರಿಯ ಶಾಸಕ ಡೆಟ್ಲೋಫ್ ನನ್ನನ್ನು ಪಕ್ಕಕ್ಕೆ ಕರೆದರು.

"ನಮಗಿರೋದು ಒಂದೇ ಸೀಟಿನ ಬಹುಮತ ಕಣಯ್ಯ ಹೆನ್ನಿಂಗ್. ನೀನು ಕೈ ಎತ್ತದಿದ್ರೆ ಸರಕಾರಾನೇ ಇಲ್ಲ. ಮತ್ತೆ ಚುನಾವಣೆ ಆದ್ರೆ ಯಾರು ಬಂದು ಕೂರ್ತಾರೆ ಗೊತ್ತಲ್ಲ?"

"ನಮ್ಮಕ್ಕ ಅಲ್ಲೇ ಸೂಲಗಿತ್ತಿ. ಇನ್ಮೇಲೆ ನೋವು ತಿನ್ನೋ ಹೆಂಗಸ್ರು ಐವತ್ತು ಕಿಲೋಮೀಟರ್ ಹೋಗ್ಬೇಕು," ಎಂದೆ.

"ಎಲ್ಲರಿಗೂ ಒಬ್ಬೊಬ್ಬ ಅಕ್ಕ ಇರ್ತಾಳಪ್ಪ," ಎಂದರು.

ನಾನು ಕೈ ಎತ್ತಿದೆ.

ಆಮೇಲೆ, ಚುನಾವಣೆಯುದ್ದಕ್ಕೂ ಒಬ್ಬರನ್ನೊಬ್ಬರು ಸುಳ್ಳರೆಂದು ಬೈದಿದ್ದ ಮೂವರು ನಾಯಕರು ಒಂದೇ ಚಾಕು ಹಿಡಿದು ಕೇಕು ಕತ್ತರಿಸಿದರು. ನನಗೂ ಒಂದು ತುಂಡು ಕೊಟ್ಟರು. ತಿಂದೆ.

ಕೆಮ್ಮು ಇನ್ನೂ ಬಿಟ್ಟಿಲ್ಲ. ನೀನು ಕೊಟ್ಟ ಮಾತ್ರೆ ಮುಗಿಯಿತು.

ಶನಿವಾರ ಬೆಳಗಿನ ರೈಲಿಗೆ ಬಂದು ನಿಲ್ದಾಣದಿಂದ ನೇರವಾಗಿ ವಾರ್ಡಿಗೇ ಬರುತ್ತೇನೆ. ಉಳಿದ ನಾಲ್ವರು ಸೂಲಗಿತ್ತಿಯರಿಗೆ ನೀನು ಏನೂ ಹೇಳಬೇಡ. ಅವರ ಮುಖ ನೋಡಿ ನಾನೇ ಹೇಳಬೇಕು.

ನಿನ್ನ ತಮ್ಮ,
ಹೆನ್ನಿಂಗ್