ಸುಮೇಧಾ ಕಡಬರಿಗೆ ಅಪ್ಪ ಕೊಡದ ಮಾರ್ಕು

ದರ್ಬೆ, ಪುತ್ತೂರು
೧೨ ಅಕ್ಟೋಬರ್ ೨೦೨೫, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಜೋರ್ಹಾಟಿನಲ್ಲಿ ಚಳಿ ಶುರುವಾಯಿತೇ? ನಿನ್ನ ಮೊಣಕಾಲು ನೋವು ಹೇಗಿದೆ? ಇಡೀ ದಿನ ನಿಂತುಕೊಂಡೇ ಪಾಠ ಮಾಡಬೇಡ, ಮೇಜಿನ ಹಿಂದೆ ಕುರ್ಚಿ ಇಟ್ಟಿರುವುದು ಅಲಂಕಾರಕ್ಕಲ್ಲ ಎಂದು ಅಮ್ಮ ಹೇಳಿದ್ದಾಳೆ. ಅಸ್ಸಾಮಿನ ಮಕ್ಕಳಿಗೆ ವರ್ಷವಿಡೀ ರಸಾಯನಶಾಸ್ತ್ರ ಕಲಿಸಿದರೂ ಬಾಳೆಹಣ್ಣಿನ ರಸಾಯನ ಮಾಡಿಕೊಡುವವರು ಒಬ್ಬರೂ ಇಲ್ಲವೆಂದು ಕಳೆದ ಪತ್ರದಲ್ಲಿ ಗೋಳಾಡಿದ್ದೆ. ಅದನ್ನು ಓದಿದ ದಿನ ನಾನು ನಿನ್ನ ಪಾಲಿನದ್ದನ್ನೂ ಸೇರಿಸಿ ತಿಂದೆ, ಮನಸ್ಸಿಗೆ ಸಮಾಧಾನವಾಯಿತು. ಇಲ್ಲಿ ಎಲ್ಲರೂ ಸೌಖ್ಯ. ಅಪ್ಪನ ಸಕ್ಕರೆ ಸ್ವಲ್ಪ ಮೇಲೆ, ಅಮ್ಮನ ಬಿಪಿ ಸ್ವಲ್ಪ ಕೆಳಗೆ, ಕೂಡಿಸಿ ಭಾಗಿಸಿದರೆ ಮನೆಯ ಆರೋಗ್ಯ ಸರಿಯಾಗಿಯೇ ಉಂಟು. ನನ್ನ ಅಂಗಡಿಯೂ ನಡೆಯುತ್ತಿದೆ. ಕನ್ನಡ ಎಂ.ಎ. ಮಾಡಿ ಕನ್ನಡಕ ಮಾರುವವನನ್ನು ಕಂಡು ಜನ ಮರುಕಪಡುತ್ತಾರೆ. ಇದು ಒಂದಕ್ಷರದ ಬಡ್ತಿ ಎಂದು ಅವರಿಗೆ ಗೊತ್ತಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕುವ ಕ್ರಮ ಎಂದು ನಿನಗೆ ಗೊತ್ತು. ವಾಟ್ಸಾಪಿನಲ್ಲಿ ಬರೆದರೆ ಅಪ್ಪ ನನ್ನ ಹೆಗಲ ಹಿಂದೆ ನಿಂತು, ನಾನೇ ಮಾಡಿಕೊಟ್ಟ ಕನ್ನಡಕದಲ್ಲಿ, ನನಗಿಂತ ಮೊದಲು ಓದಿ ಮುಗಿಸುತ್ತಾರೆ. ಹಾಗಾಗಿ ಕಾಗದವೇ ಲೇಸು. ನೀನು ಒಪ್ಪಿಸಿದ ಕೆಲಸ ಅಷ್ಟು ಗುಟ್ಟಿನದು. ಕಾದಂಬರಿ ಬರೆದದ್ದು ನೀನು, ಮುಖಪುಟದ ಮೇಲೆ ಇರುವುದು ಸುಮೇಧಾ ಕಡಬ. ಅಪ್ಪ ಅಮ್ಮ ಸಾಕ್ಷಿ ಎಂದು ಹೆಸರಿಟ್ಟ ಮಗಳು ತಾನೇ ಬರೆದ ಪುಸ್ತಕಕ್ಕೆ ಸಾಕ್ಷಿ ಹೇಳಲು ಹೆದರುತ್ತಾಳೆ. ಈಗ ಎರಡನೆಯ ಮುದ್ರಣಕ್ಕೆ ಪ್ರಕಾಶಕರು ನಿಜವಾದ ಹೆಸರು, ಫೋಟೋ ಎರಡನ್ನೂ ಕೇಳುತ್ತಿದ್ದಾರೆ. ಅಪ್ಪ ಪುಸ್ತಕ ಓದಿ ಅದರೊಳಗಿನ ಅಪ್ಪನಲ್ಲಿ ತನ್ನನ್ನೇ ಕಂಡು ನೊಂದುಕೊಂಡರೆ ಸುಮೇಧಾ ಸುಮೇಧಾಳಾಗಿಯೇ ಇರಲಿ, ಇಲ್ಲದಿದ್ದರೆ ನನ್ನ ಹೆಸರು ಹಾಕುತ್ತೇನೆ, ಯಾರು ಬರೆದದ್ದೆಂದು ಹೇಳದೆ ಓದಿಸಿ ನೋಡು ಎಂದು ನೀನು ಬರೆದಿದ್ದೆ. ಓದಿಸಿದೆ. ಆದರೆ ನೇರವಾಗಿ ಕೊಟ್ಟರೆ ಕನ್ನಡಕದವನಿಗೆ ಇದ್ದಕ್ಕಿದ್ದಂತೆ ಕಾದಂಬರಿಯ ಚಿಂತೆ ಯಾಕೆ ಎಂದು ಸಂಶಯ ಬರುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದೆ. ಪ್ರತಿ ಭಾನುವಾರ ಹೊಸತೊಂದನ್ನು ಅಪ್ಪನ ಮುಂದಿಟ್ಟು ಅಭಿಪ್ರಾಯ ಕೇಳುವುದು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರಿಗೆ ಮೌಲ್ಯಮಾಪನಕ್ಕೆ ಕರೆ ಬಂದಷ್ಟೇ ಖುಷಿಯಾಯಿತು.

ಮೊದಲನೆಯ ವಾರ ಹಾಡು. ಈಗ ಪುತ್ತೂರಿನ ಎಲ್ಲ ರಿಕ್ಷಾಗಳಲ್ಲಿ, ಮದುವೆ ಹಾಲ್‌ಗಳಲ್ಲಿ, ಎಳೆ ಮಕ್ಕಳ ಬಾಯಲ್ಲಿ ಒಂದೇ ಹಾಡು. ಹುಡುಗಿ ಬಿಟ್ಟುಹೋದದ್ದಕ್ಕೆ ಹುಡುಗ ಕುಣಿಯುತ್ತಾನೆ. ದುಃಖಕ್ಕೋ ಬಿಡುಗಡೆಗೋ ಎಂದು ಕೊನೆಯವರೆಗೂ ತಿಳಿಯುವುದಿಲ್ಲ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೇಳಿ, ಸಾಹಿತ್ಯ ಬರೆದುಕೊಡಲು ಹೇಳಿದರು. ಬರೆದರೆ ಅರ್ಧ ಪುಟವೂ ತುಂಬಲಿಲ್ಲ. ಸಾಮಾನ್ಯ ಅಪವರ್ತನ ಹೊರಗೆ ತೆಗೆದರೆ ಒಳಗೆ ಉಳಿಯುವುದು ಎರಡೇ ಪದ ಎಂದು ಬ್ರಾಕೆಟ್ ಹಾಕಿ ತೋರಿಸಿದರು. ಮೂವತ್ತೈದಕ್ಕೆ ಪಾಸು. ನನ್ನ ಪ್ರಾಮಾಣಿಕ ಅಭಿಪ್ರಾಯ ಬೇರೆ. ಹಾಡುಹಗಲೇ ಹೀಗೆ ಹಾಡುವುದು ದರೋಡೆಯೇ ಹೌದು, ಆದರೆ ದೋಚಿಸಿಕೊಳ್ಳಲು ಸುಖವಾಗುತ್ತದೆ. ಹಲಸಿನ ಮೇಣದ ಹಾಗೆ ಕಿವಿಗೆ ಅಂಟಿದೆ, ಫ್ರೇಮಿಗೆ ಗಾಜು ಕೂರಿಸುವಾಗ ಅದನ್ನೇ ಗುನುಗುತ್ತೇನೆ. ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಅಜ್ಜಿಯೊಬ್ಬರು ನನ್ನ ಜೊತೆ ಎರಡನೆಯ ಸಾಲು ಹಾಡಿದರು.

ಎರಡನೆಯ ವಾರ ಸಿನಿಮಾ. ಮಾಲಿನ ಥಿಯೇಟರಿನಲ್ಲಿ ಮೂವರೂ ಕೂತೆವು. ನಾಯಕನಿಗೆ ಗಡ್ಡ, ಖಳನಾಯಕನಿಗೆ ಗಡ್ಡ, ಪೊಲೀಸಿಗೆ ಗಡ್ಡ. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಅಮ್ಮನಿಗೆ ತಿಳಿಯದೆ, ಇಷ್ಟು ಜನರಲ್ಲಿ ಒಬ್ಬನಿಗೂ ಕ್ಷೌರಕ್ಕೆ ಪುರುಸೊತ್ತಿಲ್ಲವಾ ಎಂದು ಗಟ್ಟಿಯಾಗಿಯೇ ಕೇಳಿದಳು. ಹಿಂದಿನ ಸಾಲಿನವರು ನಕ್ಕದ್ದು ಇಡೀ ಚಿತ್ರದಲ್ಲಿ ಅದೊಂದೇ ಸಲ. ಆಮೇಲೆ ಹೊಡೆದಾಟ ಬಂದಾಗ ನಿದ್ದೆ, ಹಾಡು ಬಂದಾಗ ಎಚ್ಚರ ಎಂದು ಒಂದು ತಾಳಕ್ಕೆ ಹೊಂದಿಕೊಂಡಳು. ಅಪ್ಪ ಮಾತ್ರ ರೆಪ್ಪೆ ಮಿಟುಕಿಸಲಿಲ್ಲ. ನಾಯಕ ಒದ್ದವನು ಗೋಡೆ ಒಡೆದು ಹೊರಗೆ ಬಿದ್ದಾಗ ಅವನ ತೂಕವೆಷ್ಟು, ವೇಗವೆಷ್ಟು ಎಂದು ನನ್ನ ಕಿವಿಯಲ್ಲಿ ಲೆಕ್ಕ ಮಾಡುತ್ತಲೇ ಇದ್ದರು. ನನಗೆ ಅದು ಚಿತ್ರ ಮತ್ತು ಹಿಂಸೆ ಎರಡೂ ಒಟ್ಟಿಗೆ. ಆದರೂ ಮಧ್ಯದಲ್ಲಿ ನಾಯಕ ತಂದೆಯ ಹಳೆಯ ಅಂಗಿ ಹಾಕಿಕೊಂಡು ಸುಮ್ಮನೆ ಕನ್ನಡಿ ನೋಡುವ ಒಂದು ದೃಶ್ಯ ಉಂಟು, ಅದಕ್ಕಾಗಿ ಇನ್ನೊಮ್ಮೆ ಹೋಗಲೂ ಸಿದ್ಧ. ಅಪ್ಪ ಹೊರಗೆ ಬಂದು ತೀರ್ಪು ಕೊಟ್ಟರು: ಉತ್ತರ ಸರಿ, ಹಂತಗಳಿಲ್ಲ. ನಲವತ್ತು.

ಮೂರನೆಯ ವಾರ ಸಿಹಿ. ಅಪ್ಪನ ಹಳೆಯ ಶಿಷ್ಯ ಸಾಹುಲ್ ಹಮೀದ್ ಗಲ್ಫಿನಿಂದ ಬಂದು ಉಪ್ಪಿನಂಗಡಿಯಲ್ಲಿ ಕುನಾಫಾ ಅಂಗಡಿ ಹಾಕಿದ್ದಾನೆ. ನೀನು ತಿಂದಿರಲಿಕ್ಕಿಲ್ಲ. ಸಪೂರ ಶಾವಿಗೆಯನ್ನು ತುಪ್ಪದಲ್ಲಿ ಗರಿಗರಿ ಮಾಡಿ, ನಡುವೆ ಎಳೆದರೆ ಮಾರುದ್ದ ಬರುವ ಚೀಸ್ ಇಟ್ಟು, ಮೇಲಿಂದ ಸಕ್ಕರೆ ಪಾಕ ಹೊಯ್ಯುತ್ತಾರೆ. ಹೆಸರಿನಲ್ಲಿ ನಫಾ, ಅಂದರೆ ಲಾಭ, ಉಂಟು, ಆದರೆ ಮೊದಲೊಂದು ‘ಕು’ ಉಂಟಲ್ಲ ಎಂದು ನಾನು ಹೇಳಿದ್ದಕ್ಕೆ ಸಾಹುಲ್, ಇವನು ಶಾಲೆಯಲ್ಲೂ ಹೀಗೇ ಮಾತಾಡಿ ಪೆಟ್ಟು ತಿನ್ನುತ್ತಿದ್ದನಾ ಎಂದು ಅಪ್ಪನನ್ನು ಕೇಳಿದ. ಅಪ್ಪನಿಗೆ ನಮ್ಮ ಮಾತು ಕಿವಿಗೆ ಬಿದ್ದಿರಲಿಲ್ಲ. ಚಮಚದಲ್ಲಿ ಪದರ ಬಿಡಿಸುತ್ತ, ಇದು ಸಿಹಿಯಾ ತಿಂಡಿಯಾ ಎಂಬ ಪ್ರಶ್ನೆಯಲ್ಲಿ ಮುಳುಗಿದ್ದರು. “ತಿಂದು ನೋಡಿ ಮಾಷ್ಟ್ರೆ, ಮತ್ತೆ ಲೆಕ್ಕ ಮಾಡುವ,” ಎಂದ ಸಾಹುಲ್. ತಿಂದು, ಗಿರಾಕಿಗಳೆಲ್ಲರ ಎದುರೇ, ಶಾವಿಗೆಗೆ ಪೂರ್ತಿ ಮಾರ್ಕು, ಪಾಕದಲ್ಲಿ ಮುಳುಗಿಸಿದ್ದಕ್ಕೆ ಇಪ್ಪತ್ತು ಕಡಿತ ಎಂದರು. ನನಗೆ ನಾಚಿಕೆಯಾಯಿತು. ಸಾಹುಲ್ ನಗುತ್ತ ತಲೆಯಾಡಿಸಿದ. ಮುಂದಿನ ಸಲ ಹೋದಾಗ ಪಾಕವನ್ನು ಬೇರೆ ಬಟ್ಟಲಿನಲ್ಲಿ ಇಟ್ಟುಕೊಡಲು ಶುರುಮಾಡಿದ್ದ, ಬೇಕಾದವರು ಬೇಕಾದಷ್ಟು ಹೊಯ್ದುಕೊಳ್ಳಲಿ ಎಂದು. ಊರಿನವರು ಅಪ್ಪನ ನೇರ ಮಾತನ್ನು ಹೀಗೆ ಬಟ್ಟಲಿನಲ್ಲಿ ತೆಗೆದುಕೊಂಡು ಹೋಗುತ್ತಾರೆ. ನಮಗಿಬ್ಬರಿಗೆ ಅದು ಯಾವಾಗಲೂ ತಲೆಯ ಮೇಲೆಯೇ ಬಿತ್ತು, ಯಾಕೋ.

ಇನ್ನು ನಿನ್ನ ಪುಸ್ತಕ. ನಾಲ್ಕನೆಯ ಭಾನುವಾರ, ಊಟ ಆದಮೇಲೆ, ಹೊಸ ಪುಸ್ತಕವಂತೆ, ಜನ ಮಾತಾಡುತ್ತಿದ್ದಾರೆ ಎಂದು ಮೇಜಿನ ಮೇಲಿಟ್ಟೆ. ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಆಮೇಲೆ ಸಮಯವಿರುವುದಿಲ್ಲ. ನನಗೆ ಇಷ್ಟವಾಯಿತು. ಮಳೆಯ ವರ್ಣನೆ ಎರಡು ಕಡಿಮೆ ಮಾಡಬಹುದಿತ್ತು. ತಮ್ಮನನ್ನು ತಂಗಿಯಾಗಿ ಮಾಡಿ, ಇಡೀ ಕಾದಂಬರಿಯಲ್ಲಿ ತಿನ್ನುವ ಕೆಲಸ ಒಂದನ್ನೇ ಕೊಟ್ಟಿದ್ದೀ. ಅದು ಕಲ್ಪನೆ ಎಂದು ಭಾವಿಸುತ್ತೇನೆ. ಅಪ್ಪನಿಗೆ ಖಾಕಿ ಹಾಕಿಸಿ, ಕೈಗೆ ಟಿಕೆಟಿನ ಮೆಷಿನ್ ಕೊಟ್ಟು ಪುತ್ತೂರು–ಸುಳ್ಯ ಬಸ್ಸಿನ ಕಂಡಕ್ಟರ್ ಮಾಡಿದ್ದು ಮಾತ್ರ ಬಹಳ ಲಾಯ್ಕಾಗಿದೆ. ಹೊಗಳುವ ಮಾತಿಗೆ ಯಾವಾಗಲೂ ಚಿಲ್ಲರೆ ಇಲ್ಲ ಎನ್ನುವ ಆ ಮನುಷ್ಯನನ್ನು ಓದುವಾಗ ನನಗೇ ಬೆನ್ನು ನೆಟ್ಟಗಾಗುತ್ತಿತ್ತು. ಅಪ್ಪ ಏನನ್ನುತ್ತಾರೋ ಎಂದು ನಾನು ಎರಡು ವಾರ ಅವರ ಮುಖವನ್ನೇ ಓದಿದೆ. ಅದರಲ್ಲಿ ಪುಟ ತಿರುಗುತ್ತಲೇ ಇರಲಿಲ್ಲ. ಅವರಿಗೆ ಕಂಡಕ್ಟರ್ ಬಹಳ ಹಿಡಿಸಿದ. ಶಿಸ್ತಿನ ಮನುಷ್ಯ, ಇಂಥವರು ಈಗ ಇಲ್ಲ ಎಂದು ಅಮ್ಮನಿಗೆ ಹೇಳಿದ್ದು ಕೇಳಿಸಿತು. ಅಮ್ಮ ಅವರಿಗಿಂತ ಮೊದಲೇ ಓದಿ ಮುಗಿಸಿದ್ದಳು. ಅವಳು ಯಾರು ಬರೆದದ್ದೆಂದು ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಕೊನೆಯ ಪುಟ ಮುಗಿಸಿ, ಪುಸ್ತಕ ಮುಚ್ಚದೆ, ಹಿಂದಕ್ಕೆ ಹೋಗಿ ಆ ಶಾಲಾ ವಾರ್ಷಿಕೋತ್ಸವದ ಅಧ್ಯಾಯ ತೆಗೆದರು. ಮಗಳು ವೇದಿಕೆಯ ಮೇಲೆ ಎರಡನೆಯ ಚರಣ ಮರೆತು ನಿಲ್ಲುವುದು, ಇಡೀ ಸಭೆ ಸುಮ್ಮನಿರುವಾಗ ಕಂಡಕ್ಟರ್ ಒಬ್ಬನೇ ಎದ್ದು ಚಪ್ಪಾಳೆ ತಟ್ಟುವುದು. ಅದನ್ನು ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ತೆಗೆದರು.

“ಬರವಣಿಗೆ ಲಾಯ್ಕುಂಟು. ಆದರೆ ಈ ಅಪ್ಪ ಸುಳ್ಳು,” ಎಂದರು.

ನಾನು ಎಂತ ಸುಳ್ಳು ಎಂದು ಕೇಳಿದೆ.

“ಇಷ್ಟು ಹೊತ್ತು ಬಿಗಿಯಾಗಿದ್ದವ ಇಲ್ಲಿ ಒಂದು ಕಡೆ ಹೇಗೆ ಸಡಿಲ ಆದ? ಹಂತ ಎಲ್ಲಿ ಉಂಟು? ನಮ್ಮ ಸಾಕ್ಷಿಗೂ ಹೀಗೇ ಆಗಿತ್ತು, ಸುಳ್ಯದಲ್ಲಿ, ಸ್ಪರ್ಧೆಗೆ ಹೋದಾಗ. ನಾನು ಚಪ್ಪಾಳೆ ತಟ್ಟಿದ್ದೇನಾ? ಬರುವಾಗ ಬಸ್ಸಿನಲ್ಲಿ ಶ್ರುತಿಗೆ ಇಷ್ಟು, ತಾಳಕ್ಕೆ ಇಷ್ಟು, ನೆನಪಿಗೆ ಸೊನ್ನೆ ಅಂತ ಮಾರ್ಕು ಕೊಟ್ಟವ ನಾನು. ಅವಳು ಮತ್ತೆ ಹಾಡ್ಲೇ ಇಲ್ಲ.”

ಅಕ್ಕಾ, ಜೀವಮಾನವಿಡೀ ಮಕ್ಕಳಿಗೆ ಎರಡಕ್ಕೆ ಎರಡು ಕೂಡಿಸಲು ಕಲಿಸಿದವರು ಇಲ್ಲಿಗೆ ಬಂದು ನಿಂತರು, ಕೂಡಿಸಲಿಲ್ಲ. ಅಥವಾ ಕೂಡಿಸಿಯೂ ಉತ್ತರವನ್ನು ನಮಗೆ ತೋರಿಸಲಿಲ್ಲ. ಅವರ ಮುಖ ನೋಡಿದರೆ ಎರಡೂ ನಿಜವೆನಿಸುತ್ತಿತ್ತು. ನಾನು ಇಡೀ ದಿನ ಅದನ್ನೇ ಯೋಚಿಸುತ್ತಿದ್ದೇನೆ, ಗೊತ್ತಾಗಿಲ್ಲ. ಅಮ್ಮ ಬಾಳೆಎಲೆ ಒರೆಸುತ್ತ ಕೂತಿದ್ದವಳು ಕೈ ನಿಲ್ಲಿಸದೆ ಕೇಳಿದಳು, “ಹಾಗಾದರೆ ಆ ಕಂಡಕ್ಟರ್ ಎಂತ ಮಾಡ್ಬೇಕಿತ್ತು ಹೇಳುದು ನೀವು?”

ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡು ಆ ಪುಟವನ್ನೇ ಇನ್ನೊಮ್ಮೆ ಓದಿದರು. ಅವರಿಗೆ ಗೊತ್ತಿಲ್ಲದ ಲೆಕ್ಕ ಇದುವರೆಗೆ ನಾನು ನೋಡಿರಲಿಲ್ಲ.

“ಮಾಡ್ಬೇಕಾದ್ದು ಅದೇ. ಚಪ್ಪಾಳೆಯೇ,” ಎಂದರು ಕಡೆಗೆ. “ಆದರೆ ಅವ ಮಾಡ್ಲಿಲ್ಲ. ಬರೆದವಳಿಗೆ ಅದು ಗೊತ್ತುಂಟು. ಗೊತ್ತಿದ್ದೂ ಅವನನ್ನು ಬಿಟ್ಟುಬಿಟ್ಟಿದ್ದಾಳೆ. ಹೆದರಿ ಬಿಟ್ಟದ್ದಾ, ಪ್ರೀತಿಯಿಂದ ಬಿಟ್ಟದ್ದಾ, ಅದೊಂದು ನನಗೆ ಅವಳ ಹತ್ತಿರ ಕೇಳ್ಬೇಕು. ಅಷ್ಟರವರೆಗೆ ಮಾರ್ಕಿಲ್ಲ.”

ಅಪ್ಪನಿಗೆ ನೋವಾದೀತೇ ಎಂದು ನೀನು ಕೇಳಿದ್ದೆ. ಆಗಿದೆ. ಆದರೆ ನೀನು ಹೆದರಿದ ಜಾಗದಲ್ಲಿ ಅಲ್ಲ. ಬಿಗಿಯಾದ ಕಂಡಕ್ಟರನ್ನು ಅವರು ಮೆಚ್ಚಿಕೊಂಡರು. ನೀನು ಕಹಿಯಾದೀತೆಂದು ಸಕ್ಕರೆ ಹಾಕಿದ ಒಂದೇ ಒಂದು ಕಡೆ ಅವರ ಹಲ್ಲು ನೋಯುತ್ತಿದೆ. ನನ್ನ ಮಾತು ಕೇಳುವುದಾದರೆ ಹೆಸರು ಹಾಕು. ಆ ಅಧ್ಯಾಯವನ್ನು ತಿದ್ದುವುದೋ ಬಿಡುವುದೋ ನಿನ್ನ ಇಷ್ಟ. ನಾನಾದರೆ ತಿದ್ದುವುದಿಲ್ಲ. ಚಪ್ಪಾಳೆ ಒಮ್ಮೆಯಾದರೂ, ಕಾದಂಬರಿಯಲ್ಲಾದರೂ, ಬೀಳಲಿ. ಆದರೆ ಅಪ್ಪನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ. ನಿಜ ಹೇಳಬೇಕೆಂದರೆ ಅದನ್ನು ತಿಳಿಯಲು ಅವರಿಗಿಂತ ನನಗೇ ಹೆಚ್ಚು ಕುತೂಹಲ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಬೆಲ್ಲದ ಉಂಡೆ ಕಟ್ಟಿಟ್ಟಿದ್ದಾಳೆ, ಈ ಪತ್ರಕ್ಕಿಂತ ಮೊದಲು ಬಂದು ಮುಟ್ಟಿದರೆ ಅಂಚೆಯವರಿಗೆ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಬಿಸಿ ನೀರಿನ ಶಾಖ ಕೊಡು. ನಿನ್ನ ಕಾಲಿಗೆರಗುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇರಲಿಲ್ಲವಾದ್ದರಿಂದ ಜಡೆ ಎಳೆದೆನೆಂದು ತಿಳಿ.

ನಿನ್ನ ಕಾದಂಬರಿಯ ತಿಂಡಿಪೋತ ತಂಗಿ,
ವಿಷ್ಣುಪ್ರಸಾದ

ಇನ್ನೊಂದು: ಕವರು ಅಂಟಿಸುವ ಮೊದಲು ಅಪ್ಪ ಬಂದರು. ಡಿಸೆಂಬರ್ ಇಪ್ಪತ್ತೇಳಕ್ಕೆ ಅವರ ಓದುಗರ ಕೂಟದ ವಾರ್ಷಿಕ ಸಭೆ, ನಿನಗೆ ರಜೆ ಇರುವ ಸಮಯ. ಸುಮೇಧಾ ಕಡಬರನ್ನೇ ಮುಖ್ಯ ಅತಿಥಿಯಾಗಿ ಕರೆಯುವುದೆಂದು ತೀರ್ಮಾನಿಸಿ ಆಮಂತ್ರಣದ ಕರಡು ಬರೆದಿದ್ದಾರೆ. ಹೆಸರಿನ ಜಾಗ ಖಾಲಿ. ಕಡಬದಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ಫೋನಿನಲ್ಲೇ ವಿಚಾರಿಸಿ ತಿಳಿದುಕೊಂಡಿದ್ದಾರೆ, ಸುಳ್ಳು ಹೆಸರನ್ನು ಅಚ್ಚು ಹಾಕಿಸುವುದಿಲ್ಲವಂತೆ. ಆಮಂತ್ರಣ ಅಚ್ಚು ಹಾಕುವ ಅಸ್ಕರನ ಪ್ರೆಸ್ಸಿಗೆ ನವೆಂಬರ್ ಮೊದಲ ವಾರ ಕೊಡಬೇಕು. ನಾನು ಗಾಬರಿಯಲ್ಲಿ, ಪ್ರಕಾಶಕರಿಂದ ನಂಬರ್ ತೆಗೆದುಕೊಂಡು ಲೇಖಕಿಯಿಂದಲೇ ಫೋನು ಮಾಡಿಸುತ್ತೇನೆ ಎಂದುಬಿಟ್ಟೆ. ಮೊಬೈಲಿಗೆ ಮಾಡಬೇಡ, ನಿನ್ನ ಹೆಸರು ಮೊದಲೇ ಕಾಣುತ್ತದೆ. ಮನೆಯ ಹಳೆಯ ಫೋನಿಗೆ ಮಾಡು, ಸಂಜೆ ಕಾಫಿಯ ಹೊತ್ತಿಗೆ, ಅವರೇ ಎತ್ತುತ್ತಾರೆ. ಎತ್ತಿ ಎಂದಿನಂತೆ ಯಾರು ಮಾತಾಡುದು ಎಂದು ಕೇಳುತ್ತಾರೆ. ನೀನು ಏನು ಹೇಳುತ್ತೀಯೋ ಅದನ್ನೇ ಬರೆದುಕೊಳ್ಳುತ್ತಾರೆ.