ಡಾರ್ಲಾ ಎಸೆಯದ ಚೆಂಡು

ಫಾರ್ಗೋ, ಭಾನುವಾರ

ತಂಗಿ ಓಪಲ್,
ಈ ದೇಶಕ್ಕೆ ಬಾಸ್ಕೆಟ್‌ಬಾಲ್ ಕಲಿಸಿದವನೇ ನಾನು. ನಿನ್ನ ಮಗಳು ಡಾರ್ಲಾ ನನ್ನ ಹೆಸರು ಉಳಿಸಿದಳು. ಇಲ್ಲಿ ಕೆರೆ ಹೆಪ್ಪುಗಟ್ಟಿ, ಜನ ಅದರ ಮೇಲೆ ಟ್ರಕ್ಕು ನಿಲ್ಲಿಸಿ ಮೀನು ಹಿಡಿಯುತ್ತಾರೆ. ಡಾರ್ಲಾಳಿಗಿದು ಕೊನೇ ವರ್ಷ, ನಿನ್ನೆ ಸೋತಿದ್ದರೆ ಅವಳ ಕಾಲೇಜಿನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಅಂಕ ಹಿಂದಿದ್ದೆವು. ಐದು ಸೆಕೆಂಡು ಬಾಕಿ ಇರುವಾಗ ಆಟ ನಿಲ್ಲಿಸಿದರು. ಪಕ್ಕದಲ್ಲಿ ಎದುರು ತಂಡದ ಕಡೆಯ ಅಜ್ಜಿಯೊಬ್ಬಳು ಸ್ವೆಟರ್ ಹೆಣೆಯುತ್ತಾ, ಡಾರ್ಲಾಳನ್ನು ತೋರಿಸಿ, "ನಾಲ್ಕು ವರ್ಷದಿಂದ ನೋಡ್ತಿದೀನಿ, ಆ ಹುಡುಗಿ ಚೆಂಡು ಬೇರೆಯವರಿಗೇ ಕೊಡ್ತಾಳೆ" ಎಂದಳು.

"ನಮ್ಮ ರಕ್ತ ಕಣಜ್ಜೀ, ಇವತ್ತು ತಾನೇ ಹಾಕ್ತಾಳೆ. ಕಟ್ಟು ಬಾಜಿ!" ಎಂದೆ.

ಆಟ ಮತ್ತೆ ಶುರುವಾಯಿತು. ಡಾರ್ಲಾ ಬುಟ್ಟಿಯತ್ತ ನುಗ್ಗಿದಳು. ಇಬ್ಬರು ಅಡ್ಡ ಬಂದರು. "ಹಾಕೇ!" ಎಂದು ಕಿರುಚಿದೆ. ಅವಳು ತಿರುಗಿಯೂ ನೋಡದೆ ಚೆಂಡು ಹಿಂದಕ್ಕೆ ಕೊಟ್ಟಳು. ಅಲ್ಲಿಯವರೆಗೆ ಒಂದನ್ನೂ ಹಾಕದ ಹೊಸ ಹುಡುಗಿ ಅದನ್ನು ಬುಟ್ಟಿಗಿಳಿಸಿದಳು. ಗೆದ್ದೆವು!

"ನೀನೇ ಯಾಕೆ ಹಾಕ್ಲಿಲ್ಲ ಕಣೇ?" ಎಂದು ಆಮೇಲೆ ಡಾರ್ಲಾಳನ್ನು ಕೇಳಿದೆ.

"ಅವಳಿಗೆ ಯಾರೂ ಅಡ್ಡ ನಿಂತಿರ್ಲಿಲ್ಲ ಮಾವ, ಅದಕ್ಕೇ."

ಆಟದಲ್ಲಿ ಉಳುಕಿ ಡಾರ್ಲಾಳ ಪಾದ ಸ್ವಲ್ಪ ಊದಿದೆ, ಗಾಬರಿಯಾಗಬೇಡ. ನನ್ನನ್ನು ಕರೆದೊಯ್ಯಲು ಭಾವನನ್ನು ಕಳಿಸು.

ಅವಸರದಲ್ಲಿ, ನಿನ್ನಣ್ಣ ವರ್ಲಿನ್.

ತಾ.ಕ.: ಆ ಬಾಜಿಯಲ್ಲಿ ಅಜ್ಜಿಗೆ ಸೋತದ್ದು ಐದು ಡಾಲರ್ ಎಂದು ಡಾರ್ಲಾಳಿಗೆ ಹೇಳಿದ್ದೇನೆ. ನಿಜ ಹೇಳಿದರೆ ಎಂಬತ್ತೇಳು, ಬಸ್ಸಿನ ದುಡ್ಡೂ ಸೇರಿ.